ಹಳೆಯ ಹಡಗಿನ ಜೀರ್ಣೋದ್ಧಾರ

ಕ್ಯಾತಗಾನಚೆರ್ಲಿನಂಥ ಬಯಲುಸೀಮೆಯ ಊರಿನವರಾದ ನಮಗೆ ಹಡಗಿಗಿಂತ ಗಾಡಿಯ ದುರಸ್ತಿಯೇ ಪರಿಚಿತವಾದುದು. ಬಿಚ್ಚಿ ನೋಡಿದಲ್ಲದೆ ಬಡಗಿಯು ಕೂಲಿಯನ್ನು ಹೇಳನು. ಕಾರವಾರದ ‘ವಿಕ್ರಮಾದಿತ್ಯ’ ಯುದ್ಧನೌಕೆಯ ವಿಷಯದಲ್ಲಿಯಾದರೋ ಒಳಗೆಲ್ಲ ಬಿಚ್ಚಿ ನೋಡುವ ಮುನ್ನವೇ ಬೆಲೆ ಗೊತ್ತಾಗಿಹೋಯಿತು.

ರಷ್ಯನರು 1996ರಲ್ಲಿ ಸೇವೆಯಿಂದ ಬಿಡಿಸಿದ್ದ ಈ ವಿಮಾನವಾಹಕ ನೌಕೆಗಾಗಿ ನಮ್ಮ ಸರ್ಕಾರವು 2004ರಲ್ಲಿ ಒಪ್ಪಂದವನ್ನು ಮಾಡಿಕೊಂಡಿತು. ಸೆವೆರೊದ್ವಿನ್ಸ್ಕದ ಕಾರ್ಖಾನೆಯಲ್ಲಿ ಮುಂಭಾಗದ ಕ್ಷಿಪಣಿಗಳನ್ನು ಕಿತ್ತು, ವಿಮಾನಗಳು ನೆಗೆಯಲೆಂದು ಮೇಲಕ್ಕೆ ಬಾಗಿದ ಹಾದಿಯನ್ನು ಕಟ್ಟಿದರು; ಎಂಟು ಬಾಯ್ಲರುಗಳನ್ನೂ ಹೊಸದಾಗಿ ಕೂರಿಸಿದರು. ಕಳಚಿದಷ್ಟೂ ಕೆಲಸವು ಬೆಳೆದು, ವೆಚ್ಚವು ಇಮ್ಮಡಿಯನ್ನು ಮೀರಿತು. 2012ರಲ್ಲಿ ಪೂರ್ಣವೇಗದಿಂದ ಓಡಿಸಿ ಪರೀಕ್ಷಿಸಲಾಗಿ, ಬಾಯ್ಲರುಗಳೊಳಗಣ ಶಾಖನಿರೋಧಕ ಇಟ್ಟಿಗೆಗಳು ಕೆಟ್ಟುವು. ಒಲೆಯ ಇಟ್ಟಿಗೆ ಸಡಿಲಿದರೆ ಅಡಿಗೆಯ ಪಾಡೇನೆಂಬುದನ್ನು ನಮ್ಮ ಸೋದರಿಯರು ಬಲ್ಲರಷ್ಟೆ! ಮತ್ತೊಂದು ವರ್ಷ ಕಳೆಯಿತು. 2008ರಲ್ಲಿಯೇ ಕೈಸೇರಬೇಕಾಗಿದ್ದ ನೌಕೆಯು 2014ರ ಜನವರಿಯಲ್ಲಿ ಕಾರವಾರವನ್ನು ಮುಟ್ಟಿತು.