ಮನೆಯಲ್ಲೇ ಎಲೆಕ್ಟ್ರಿಕ್ ಗಿಟಾರ್: ಅಳತೆ ಕೂಡಿದರೆ ಸ್ವರ ಕೂಡುತ್ತದೆ

1963ರಲ್ಲಿ ಲಂಡನ್ನಿನ ಹೊರವಲಯದ ಒಂದು ಸಾಧಾರಣ ಮನೆಯಲ್ಲಿ ಹದಿಹರೆಯದ ಹುಡುಗನೊಬ್ಬ ತನ್ನ ತಂದೆಯ ಜೊತೆ ಎಲೆಕ್ಟ್ರಿಕ್ ಗಿಟಾರ್ ಮಾಡಲು ಕೂತ. ಅಂಗಡಿಯ ಗಿಟಾರ್ ಕೊಳ್ಳುವಷ್ಟು ಹಣ ಆ ಮನೆಯಲ್ಲಿರಲಿಲ್ಲ. ನೆಕ್‌ಗೆ ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮಹಾಗನಿ ಸಿಕ್ಕಿತು, ಬಾಡಿಗೆ ಹಳೆಯ ಮೇಜಿನ ಓಕ್ ಮತ್ತು ಬ್ಲಾಕ್‌ಬೋರ್ಡ್ ಒದಗಿತು. ಟ್ರೆಮೊಲೊಗೆ ಮೋಟರ್‌ಸೈಕಲ್ಲಿನ ವಾಲ್ವ್ ಸ್ಪ್ರಿಂಗುಗಳು ಬಂದವು. ಫ್ರೆಟ್ ಗುರುತಿನ ಚುಕ್ಕಿಗಳಿಗೆ ತಾಯಿಯ ಹೊಲಿಗೆ ಪೆಟ್ಟಿಗೆಯ ಮುತ್ತುಚಿಪ್ಪಿನ ಗುಂಡಿಗಳು ಸಾಕಾದವು. ಆ ಹುಡುಗ ಬ್ರಿಯಾನ್ ಮೇ. ಆ ಗಿಟಾರ್ 'ರೆಡ್ ಸ್ಪೆಷಲ್'. ಮುಂದೆ ಕ್ವೀನ್ ತಂಡದ ಧ್ವನಿಯಾಗಿ ಜಗತ್ತು ಕೇಳಿದ್ದು ಅದನ್ನೇ.

ಗುಜರಿ ಮರದಿಂದ ಅಂಥ ವಾದ್ಯ ಹೇಗೆ ಹುಟ್ಟಿತು? ತಂದೆ ಹೆರಾಲ್ಡ್ ಎಲೆಕ್ಟ್ರಾನಿಕ್ಸ್ ಬಲ್ಲ ಎಂಜಿನಿಯರ್. ಅಪ್ಪ, ಮಗ ಇಬ್ಬರೂ ಅಳತೆಯಲ್ಲಿ ರಾಜಿಯಾಗಲಿಲ್ಲ. ಮನೆಯಲ್ಲಿ ಗಿಟಾರ್ ಮಾಡಹೊರಟವರು ಮೊದಲು ತಿಳಿಯಬೇಕಾದದ್ದು ಇದೇ. ಸಾಲಿಡ್ ಬಾಡಿ, ಅಂದರೆ ಟೊಳ್ಳಿಲ್ಲದ ಗಿಟಾರಿನಲ್ಲಿ ಮರದ ಬೆಲೆಗಿಂತ ಮಿಲಿಮೀಟರಿನ ಬೆಲೆ ದೊಡ್ಡದು.

ಟೊಳ್ಳು ಏಕೆ ಬೇಡ

ಅಕೂಸ್ಟಿಕ್ ಗಿಟಾರಿನಲ್ಲಿ ತಂತಿಯ ಕಂಪನ ತೆಳುವಾದ ಮೇಲ್ಹಲಗೆಯನ್ನು ಅಲುಗಿಸಬೇಕು, ಆ ಹಲಗೆ ಗಾಳಿಯನ್ನು ಅಲುಗಿಸಬೇಕು. ಹಲಗೆಯ ದಪ್ಪ, ಒಳಗಿನ ಪಟ್ಟಿಗಳು, ಅಂಟು ಎಲ್ಲವೂ ನಾದವನ್ನು ತೀರ್ಮಾನಿಸುತ್ತವೆ. ಅದಕ್ಕೆ ವರ್ಷಗಳ ಪಳಗಿದ ಕೈ ಬೇಕು.

ಎಲೆಕ್ಟ್ರಿಕ್ ಗಿಟಾರಿನಲ್ಲಿ ಆ ಕೆಲಸ ಪಿಕಪ್ಪಿನದು. ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿ. ಮೇಲೆ ಉಕ್ಕಿನ ತಂತಿ ಮಿಡಿದಾಗ ಅಯಸ್ಕಾಂತ ಕ್ಷೇತ್ರ ಅದೇ ಲಯದಲ್ಲಿ ಬದಲಾಗುತ್ತದೆ, ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಅದನ್ನು ಆಂಪ್ಲಿಫೈಯರ್ ದೊಡ್ಡದು ಮಾಡುತ್ತದೆ. ಇಲ್ಲಿ ಗಾಳಿಗೆ ಕೆಲಸವಿಲ್ಲ, ಹಾಗಾಗಿ ಟೊಳ್ಳು ಪೆಟ್ಟಿಗೆ ಬೇಕಿಲ್ಲ. ಟೊಳ್ಳಿದ್ದರೆ ಸ್ಪೀಕರಿನ ಸದ್ದಿಗೆ ಅದೇ ಕಂಪಿಸಿ ಕೂಗಿಡುವ ತೊಂದರೆ ಬೇರೆ.

ಟೊಳ್ಳಿಲ್ಲದ ಗಿಟಾರನ್ನು ಕಾರ್ಖಾನೆಯ ಮಟ್ಟದಲ್ಲಿ ಸಾಧಿಸಿ ತೋರಿಸಿದವರು ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದ ಲಿಯೊ ಫೆಂಡರ್. ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. 1950ರಲ್ಲಿ ಹೊರತಂದು 1951ರಲ್ಲಿ 'ಟೆಲಿಕಾಸ್ಟರ್' ಎಂದು ಹೆಸರಿಟ್ಟ ಅವರ ಗಿಟಾರ್ ಒಂದು ಚಪ್ಪಟೆ ಹಲಗೆ. ಅದಕ್ಕೆ ನಾಲ್ಕು ಸ್ಕ್ರೂಗಳಿಂದ ಬಿಗಿದ ನೆಕ್. ಕೆಟ್ಟ ಭಾಗವನ್ನು ಬಿಚ್ಚಿ ಬೇರೆಯದನ್ನು ಹಾಕಬಹುದು. ಮನೆಯಲ್ಲಿ ಮೊದಲ ಬಾರಿ ಮಾಡುವವರಿಗೆ ಇಂದಿಗೂ ಇದಕ್ಕಿಂತ ಒಳ್ಳೆಯ ಮಾದರಿ ಇಲ್ಲ. ಬಾಡಿ ನೀವು ಮಾಡಿ. ಫ್ರೆಟ್ ಹೊಡೆದು ಸಿದ್ಧವಾದ ನೆಕ್, ಪಿಕಪ್, ಬ್ರಿಡ್ಜ್, ಟ್ಯೂನರುಗಳನ್ನು ಕೊಂಡುಕೊಳ್ಳಿ.

ಯಾವ ಮರ

ಅಮೆರಿಕದ ಕಾರ್ಖಾನೆಗಳು ಆಲ್ಡರ್, ಆಶ್, ಮಹಾಗನಿ ಬಳಸಿದ್ದು ಅವು ಅಲ್ಲಿ ಹೇರಳವಾಗಿ ಸಿಗುತ್ತಿದ್ದವು ಎಂಬ ಕಾರಣಕ್ಕೆ. ನಮ್ಮಲ್ಲಿ ತೋಟದ ಮಹಾಗನಿ ಒಳ್ಳೆಯ ಆಯ್ಕೆ. ವೀಣೆಗೆ ಒದಗುವ ಹಲಸು ಇಲ್ಲಿಯೂ ಒದಗುತ್ತದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ಸಿಲ್ವರ್ ಓಕ್ ಹಗುರ, ಅಗ್ಗ. ಆದರೆ ಹಸಿಯಿದ್ದರೆ ತಿರುಚಿಕೊಳ್ಳುತ್ತದೆ. ತೇಗ ಅಲುಗಾಡದ ಮರ, ಆದರೆ ಭಾರ: ಬಾಡಿಯೇ ಮೂರು ಕಿಲೋ ಹತ್ತಿರ ಬರುತ್ತದೆ. ಅದರಲ್ಲಿ ಎಣ್ಣೆಯ ಅಂಶ ಇರುವುದರಿಂದ ಅಂಟು ಹಾಕುವ ಮುನ್ನ ಅಸಿಟೋನಿನಲ್ಲಿ ಒರೆಸಬೇಕು.

ಫ್ರೆಟ್‌ಬೋರ್ಡಿಗೆ ಜಗತ್ತಿನ ಹೆಸರಾಂತ ಕಂಪನಿಗಳು ಬಳಸುವ 'ಈಸ್ಟ್ ಇಂಡಿಯನ್ ರೋಸ್‌ವುಡ್' ನಮ್ಮ ಘಟ್ಟದ ಬೀಟೆಯೇ. ಅದನ್ನು ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ನಿಯಮಗಳಿವೆ. ರಸೀದಿ ಇಲ್ಲದ ಬೀಟೆಯನ್ನು ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ.

ಮರ ಯಾವುದೇ ಇರಲಿ, ಒಣಗಿರಬೇಕು. ಸಾಮಿಲ್ಲಿನಿಂದ ತಂದ ಹಲಗೆಯನ್ನು ಗಾಳಿಯಾಡುವ ನೆರಳಿನಲ್ಲಿ ಇಟ್ಟು ವಾರಕ್ಕೊಮ್ಮೆ ತೂಗಿ, ತೂಕವನ್ನು ಹಲಗೆಯ ಮೇಲೆಯೇ ಬರೆಯಿರಿ. ವಾರದಿಂದ ವಾರಕ್ಕೆ ತೂಕ ಇಳಿಯುವುದು ನಿಂತ ಮೇಲಷ್ಟೇ ಗರಗಸ ಹಿಡಿಯಿರಿ. ಸುಮಾರು 500 ಮಿ.ಮೀ. ಉದ್ದ, 350 ಮಿ.ಮೀ. ಅಗಲ, 45 ಮಿ.ಮೀ. ದಪ್ಪ ಬೇಕು. ಅಷ್ಟು ಅಗಲದ ಒಂದೇ ಹಲಗೆ ಸಿಗದಿದ್ದರೆ ಎರಡನ್ನು ಅಂಚು ಸೇರಿಸಿ ಫೆವಿಕಾಲ್ ಹಾಕಿ, ಕ್ಲಾಂಪ್ ಬಿಗಿದು ಒಂದು ದಿನ ಬಿಡಿ. ಕಾರ್ಖಾನೆಯ ಬಾಡಿಗಳೂ ಹೆಚ್ಚಾಗಿ ಎರಡು ಮೂರು ತುಂಡಿನವೇ.

ಎಲ್ಲಕ್ಕೂ ಆಧಾರ ಒಂದು ಗೆರೆ

ಹಲಗೆಯ ಮಧ್ಯೆ ಮೇಲಿನಿಂದ ಕೆಳಗೆ ಒಂದು ನೇರ ಗೆರೆ ಎಳೆಯಿರಿ. ನೆಕ್ಕಿನ ಗುಳಿ, ಪಿಕಪ್ಪುಗಳು, ಬ್ರಿಡ್ಜ್ ಎಲ್ಲವೂ ಈ ಗೆರೆಯ ಮೇಲೆ ಕೂರಬೇಕು. ಕೆಲಸ ಮುಗಿಯುವವರೆಗೂ ಅದನ್ನು ಅಳಿಸಬಾರದು.

ಇನ್ನು ಸ್ಕೇಲ್ ಉದ್ದ, ಅಂದರೆ ನಟ್‌ನಿಂದ (ನೆಕ್ಕಿನ ತಲೆಯಲ್ಲಿ ತಂತಿಗಳು ಕೂರುವ ಕಚ್ಚುಪಟ್ಟಿ) ಬ್ರಿಡ್ಜಿನವರೆಗೆ ಮಿಡಿಯುವ ತಂತಿಯ ಉದ್ದ. ಫೆಂಡರ್ ಮಾದರಿಯಲ್ಲಿ ಇದು 648 ಮಿ.ಮೀ. ಒಂದೊಂದು ಫ್ರೆಟ್ ಏರಿದಾಗ ಉಳಿದ ಉದ್ದವನ್ನು 17.817ರಿಂದ ಭಾಗಿಸಿದಷ್ಟು ತಂತಿ ಗಿಡ್ಡವಾಗುತ್ತದೆ. 648ನ್ನು ಭಾಗಿಸಿದರೆ 36.37, ನಟ್‌ನಿಂದ ಅಷ್ಟು ದೂರದಲ್ಲಿ ಮೊದಲ ಫ್ರೆಟ್. ಉಳಿದ 611.63ನ್ನು ಮತ್ತೆ ಭಾಗಿಸಿದರೆ 34.33, ಅಂದರೆ ಎರಡನೆಯ ಫ್ರೆಟ್ ನಟ್‌ನಿಂದ 70.70 ಮಿ.ಮೀ. ದೂರ. ಹೀಗೇ ಸಾಗಿದರೆ 12ನೇ ಫ್ರೆಟ್ ಸರಿಯಾಗಿ ನಡುವೆ, 324ಕ್ಕೆ ಬರುತ್ತದೆ. ಅಲ್ಲಿ ಸ್ವರ ಒಂದು ಸ್ಥಾಯಿ ಮೇಲೇರುತ್ತದೆ. ಮುಂದೊಮ್ಮೆ ನೆಕ್ ಕೂಡ ನೀವೇ ಮಾಡುವುದಾದರೆ ಪ್ರತಿ ಫ್ರೆಟ್ಟನ್ನೂ ನಟ್‌ನಿಂದಲೇ ಅಳೆಯಿರಿ. ಹಿಂದಿನ ಫ್ರೆಟ್‌ನಿಂದ ಅಳೆದರೆ ಸಣ್ಣ ತಪ್ಪುಗಳು ಒಂದರ ಮೇಲೊಂದು ಕೂಡಿ ಕೊನೆಗೆ ಯಾವ ಸ್ವರವೂ ಶುದ್ಧವಾಗಿರುವುದಿಲ್ಲ.

ಕೊಂಡ ನೆಕ್ ಆದರೂ ಈ ಲೆಕ್ಕ ಬಿಡುವಂತಿಲ್ಲ. ಬ್ರಿಡ್ಜ್ ಎಲ್ಲಿ ಕೂರಬೇಕೆಂದು ಹೇಳುವುದು ಇದೇ. ನೆಕ್ಕನ್ನು ಗುಳಿಯಲ್ಲಿ ಕೂರಿಸಿದ ಮೇಲೆ ನಟ್‌ನಿಂದ 12ನೇ ಫ್ರೆಟ್‌ಗೆ ಅಳೆಯಿರಿ, ಅಷ್ಟೇ ದೂರವನ್ನು 12ನೇ ಫ್ರೆಟ್‌ನಿಂದ ಬಾಡಿಯ ಮೇಲೆ ಗುರುತಿಸಿ. ಅತಿ ತೆಳು ತಂತಿಯ ಸ್ಯಾಡಲ್, ಅಂದರೆ ಬ್ರಿಡ್ಜಿನ ಮೇಲೆ ಆ ತಂತಿ ಕೂರುವ ತುಂಡು, ಆ ಗುರುತಿನ ಮೇಲೆ ಬರಬೇಕು. ದಪ್ಪ ತಂತಿಯದು ಸುಮಾರು 3 ಮಿ.ಮೀ. ಹಿಂದೆ. ನಟ್‌ನ ಎರಡು ಹೊರ ತಂತಿಗಳ ಕಚ್ಚಿನಿಂದ ಬ್ರಿಡ್ಜಿಗೆ ದಾರ ಎಳೆದು ಹಿಡಿಯಿರಿ. ಎರಡು ದಾರಗಳೂ ಫ್ರೆಟ್‌ಬೋರ್ಡಿನ ಅಂಚಿನಿಂದ ಒಂದೇ ದೂರದಲ್ಲಿದ್ದರೆ ಮಾತ್ರ ಬ್ರಿಡ್ಜಿನ ತೂತು ಕೊರೆಯಿರಿ.

ರೂಟರ್ ಹಿಡಿಯುವ ಮುನ್ನ

ಬಾಡಿಯ ಆಕಾರವನ್ನು ಮೊದಲು ಎಂ.ಡಿ.ಎಫ್. ಹಲಗೆಯಲ್ಲಿ ಕತ್ತರಿಸಿ ನಯಗೊಳಿಸಿ. ಅದೇ ಟೆಂಪ್ಲೇಟ್. ಜಿಗ್ ಸಾದಿಂದ ಮರವನ್ನು ಗೆರೆಯ ಹೊರಗೆ 2-3 ಮಿ.ಮೀ. ಬಿಟ್ಟು ಕತ್ತರಿಸಿ, ಉಳಿದದ್ದನ್ನು ಬೇರಿಂಗ್ ಇರುವ ರೂಟರ್ ಬಿಟ್ ಟೆಂಪ್ಲೇಟನ್ನು ಅನುಸರಿಸಿ ತೆಗೆಯುತ್ತದೆ. ಒಂದು ಸಲಕ್ಕೆ 3-4 ಮಿ.ಮೀ. ಆಳಕ್ಕಿಂತ ಹೆಚ್ಚು ಬೇಡ. ಹೊರ ಅಂಚಿನಲ್ಲಿ ಅಪ್ರದಕ್ಷಿಣವಾಗಿ, ಗುಳಿಗಳ ಒಳಗೆ ಪ್ರದಕ್ಷಿಣವಾಗಿ ರೂಟರ್ ಸಾಗಿಸಿ. ತಿರುಗುಮುರುಗಾದರೆ ಯಂತ್ರ ಕೈಯಿಂದ ಜಿಗಿಯುತ್ತದೆ. ಕನ್ನಡಕ, ಮಾಸ್ಕ್ ತಪ್ಪಿಸಬೇಡಿ. ತೇಗ, ಬೀಟೆಗಳ ಧೂಳು ಚರ್ಮಕ್ಕೂ ಶ್ವಾಸಕೋಶಕ್ಕೂ ಒಳ್ಳೆಯದಲ್ಲ. ರೂಟರ್ ಹೊಸತಾದರೆ ಪರಿಚಯದ ಬಡಗಿಯ ಹತ್ತಿರ ಹೋಗಿ, ಬೇಡದ ಮರದ ಮೇಲೆ ಕೈ ಪಳಗಿಸಿಕೊಳ್ಳಿ.

ಹೆಚ್ಚು ಜಾಗ್ರತೆ ಬೇಕಾದದ್ದು ನೆಕ್ಕಿನ ಗುಳಿಗೆ. ಕೊಂಡ ನೆಕ್ಕಿನ ಬುಡದ ಸುತ್ತಲೇ ಪಟ್ಟಿಗಳನ್ನು ಒತ್ತಿ ಜೋಡಿಸಿ ಅದರ ಟೆಂಪ್ಲೇಟ್ ಮಾಡಿ, ಕೇವಲ ಪುಸ್ತಕದ ಅಳತೆಯನ್ನು ನಂಬಬೇಡಿ. ಆಳ 16 ಮಿ.ಮೀ. ನೆಕ್ಕಿನ ಬುಡ ಸಾಮಾನ್ಯವಾಗಿ 25 ಮಿ.ಮೀ. ಇರುವುದರಿಂದ ಫ್ರೆಟ್‌ಬೋರ್ಡ್ ಬಾಡಿಗಿಂತ 9 ಮಿ.ಮೀ. ಮೇಲೆ ನಿಲ್ಲುತ್ತದೆ, ಚಪ್ಪಟೆ ಬ್ರಿಡ್ಜಿಗೆ ಇದು ಹೊಂದುತ್ತದೆ. ಗಿಬ್ಸನ್ ಮಾದರಿಯ ಎತ್ತರದ ಬ್ರಿಡ್ಜಿಗೆ ನೆಕ್ಕನ್ನು ಕೆಲವು ಡಿಗ್ರಿ ಹಿಂದಕ್ಕೆ ಬಾಗಿಸಬೇಕಾಗುತ್ತದೆ. ಮೊದಲ ಗಿಟಾರಿಗೆ ಆ ತಾಪತ್ರಯ ಬೇಡ. ಗುಳಿ ಎಷ್ಟು ಬಿಗಿ ಇರಬೇಕೆಂದರೆ ಸ್ಕ್ರೂ ಹಾಕುವ ಮೊದಲೇ ನೆಕ್ ಹಿಡಿದು ಎತ್ತಿದರೆ ಬಾಡಿಯೂ ಜೊತೆಗೆ ಮೇಲೆ ಬರಬೇಕು.

ಸ್ಕ್ರೂ ಉದ್ದವನ್ನೂ ಲೆಕ್ಕ ಹಾಕಿಯೇ ಕೊಳ್ಳಿ. 45 ಮಿ.ಮೀ. ಬಾಡಿಯಲ್ಲಿ ಗುಳಿಯ 16 ಹೋದರೆ ಉಳಿಯುವುದು 29. ಹಿಂದಿನ ಲೋಹದ ತಗಡಿಗೆ 2 ಸೇರಿಸಿ. 45 ಮಿ.ಮೀ. ಸ್ಕ್ರೂ ನೆಕ್ಕಿನೊಳಗೆ 14 ಮಿ.ಮೀ. ಇಳಿಯುತ್ತದೆ, ಹಿಡಿತಕ್ಕೆ ಸಾಕು, ಫ್ರೆಟ್‌ಬೋರ್ಡನ್ನು ಚುಚ್ಚುವ ಭಯವಿಲ್ಲ. ಬಾಡಿಯ ತೂತುಗಳಲ್ಲಿ ಸ್ಕ್ರೂ ಸಡಿಲವಾಗಿ ಜಾರಬೇಕು, ನೆಕ್ಕಿನಲ್ಲಿ ಮಾತ್ರ ಕಚ್ಚಬೇಕು. ಆಗಷ್ಟೇ ಎರಡೂ ಒಂದಕ್ಕೊಂದು ಬಿಗಿಯುತ್ತವೆ.

ವೈರಿಂಗ್ ಮತ್ತು ಅರ್ತಿಂಗ್

ಒಂದೇ ಸುರುಳಿಯ ಪಿಕಪ್ ನಮ್ಮ ಮನೆಗಳ 50 ಹರ್ಟ್ಸ್ ವಿದ್ಯುತ್ತಿನ ಗುಂಯ್ ಸದ್ದನ್ನೂ ಹಿಡಿಯುತ್ತದೆ. ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಇದಕ್ಕೆ ರೂಪಿಸಿದ ಪರಿಹಾರವೇ ಹಂಬಕರ್. ಎರಡು ಸುರುಳಿಗಳಲ್ಲಿ ಸುತ್ತೂ ಅಯಸ್ಕಾಂತದ ಧ್ರುವವೂ ಪರಸ್ಪರ ವಿರುದ್ಧ. ಹೊರಗಿನ ಗದ್ದಲ ಒಂದನ್ನೊಂದು ಕಳೆದುಕೊಳ್ಳುತ್ತದೆ, ತಂತಿಯ ಸ್ವರ ಕೂಡಿಕೊಳ್ಳುತ್ತದೆ. ಮೊದಲ ಗಿಟಾರಿಗೆ ಒಂದು ಹಂಬಕರ್, ಒಂದು 500 ಕಿಲೋ ಓಮ್ ವಾಲ್ಯೂಮ್ ಪಾಟ್, ಒಂದು ಜಾಕ್ ಸಾಕು. ಒಂದೇ ಸುರುಳಿಯದಾದರೆ 250 ಕಿಲೋ ಓಮ್ ಪಾಟ್ ಹಾಕಿ. ಗುಳಿಗಳ ಒಳಗೋಡೆಗೆ ತಾಮ್ರದ ಟೇಪ್ ಅಂಟಿಸಿ ಗ್ರೌಂಡ್‌ಗೆ ಸೇರಿಸಿದರೆ ಗದ್ದಲ ಇನ್ನೂ ತಗ್ಗುತ್ತದೆ.

ಬ್ರಿಡ್ಜಿನಿಂದಲೂ ಗ್ರೌಂಡ್‌ಗೆ ಒಂದು ವೈರ್ ಎಳೆಯಬೇಕು. ಆಗ ನಿಮ್ಮ ಕೈಯ ತಂತಿಗಳು ಆಂಪ್ಲಿಫೈಯರಿನ ಗ್ರೌಂಡ್‌ಗೆ ನೇರ ಸೇರಿರುತ್ತವೆ. ಹಾಗಾಗಿ ಮನೆಯ ಮೂರು ಪಿನ್ನಿನ ಸಾಕೆಟ್ಟಿನಲ್ಲಿ ಅರ್ತಿಂಗ್ ನಿಜವಾಗಿಯೂ ಇದೆಯೇ ಎಂದು ಎಲೆಕ್ಟ್ರಿಷಿಯನ್‌ರಿಂದ ಪರೀಕ್ಷಿಸಿಕೊಳ್ಳಿ. ಆಂಪ್ಲಿಫೈಯರಿನಲ್ಲಿ ದೋಷವಿದ್ದು ಅರ್ತಿಂಗ್ ಇಲ್ಲದಿದ್ದರೆ ತಂತಿಯೇ ಶಾಕ್ ಹೊಡೆಯಬಹುದು, ಪ್ರಾಣಕ್ಕೂ ಅಪಾಯ.

ಪಾಲಿಷ್

ವೈರಿಂಗ್ ಪರೀಕ್ಷಿಸಿ, ಒಮ್ಮೆ ತಂತಿ ಬಿಗಿದು ನುಡಿಸಿ ನೋಡಿ. ಎಲ್ಲ ಸರಿಯೆನಿಸಿದರೆ ಭಾಗಗಳನ್ನು ಬಿಚ್ಚಿ ಪಾಲಿಷ್‌ಗೆ ಕೂರಿ. ಸ್ಯಾಂಡ್ ಪೇಪರನ್ನು 80ರಿಂದ ಶುರು ಮಾಡಿ 120, 180, 240 ಎಂದು ಏರಿಸಿ, ಮರದ ಎಳೆಯ ದಿಕ್ಕಿನಲ್ಲೇ ಉಜ್ಜಿ. ಅರಗಿನ ಫ್ರೆಂಚ್ ಪಾಲಿಷ್ ಬಟ್ಟೆಯಲ್ಲೇ ಹಚ್ಚಬಹುದು; ಸ್ಪ್ರೇ ಯಂತ್ರ ಬೇಡ. ಲ್ಯಾಕರ್ ಹೊಡೆಯುವುದಾದರೆ ಮಳೆಗಾಲ ಬಿಟ್ಟುಬಿಡಿ. ತೇವದ ಗಾಳಿಯಲ್ಲಿ ಅದು ಹಾಲಿನಂತೆ ಬೆಳ್ಳಗಾಗುತ್ತದೆ.

ಕೊನೆಯ ಹೊಂದಾಣಿಕೆ

ಆರು ತಂತಿಗಳು ಸೇರಿ ನೆಕ್ಕನ್ನು ಸುಮಾರು 45 ಕಿಲೋ ಬಲದಿಂದ ಎಳೆಯುತ್ತವೆ. ಅದಕ್ಕೆ ಎದುರು ನಿಲ್ಲುವುದು ನೆಕ್ಕಿನೊಳಗಿನ ಉಕ್ಕಿನ ಟ್ರಸ್ ರಾಡ್. ದಪ್ಪ ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ನೆಕ್ ಬಾಡಿಗೆ ಸೇರುವಲ್ಲಿಯೂ ಒತ್ತಿ ಹಿಡಿದು 7ನೇ ಫ್ರೆಟ್ಟಿನ ಹತ್ತಿರ ನೋಡಿ. ತಂತಿಗೂ ಫ್ರೆಟ್ಟಿಗೂ ನಡುವೆ ಒಂದು ವಿಸಿಟಿಂಗ್ ಕಾರ್ಡಿನಷ್ಟು, ಅಂದರೆ ಸುಮಾರು 0.25 ಮಿ.ಮೀ. ಸಂದು ಇರಬೇಕು. ಹೆಚ್ಚಿದ್ದರೆ ರಾಡನ್ನು ಬಿಗಿಸಿ, ಇಲ್ಲವೇ ಇಲ್ಲದಿದ್ದರೆ ಸಡಿಲಿಸಿ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ.

ಆಮೇಲೆ ಸ್ಯಾಡಲ್ ಎತ್ತರ. 12ನೇ ಫ್ರೆಟ್ಟಿನ ಮೇಲೆ ತೆಳು ತಂತಿ 1.6 ಮಿ.ಮೀ., ದಪ್ಪ ತಂತಿ 2 ಮಿ.ಮೀ. ಎತ್ತರದಲ್ಲಿರಲಿ. ಕೊನೆಗೆ ಪ್ರತಿ ತಂತಿಯನ್ನೂ 12ನೇ ಫ್ರೆಟ್ಟಿನಲ್ಲಿ ಒತ್ತಿ ನುಡಿಸಿ, ಅಲ್ಲೇ ಬೆರಳು ಸೋಕಿಸಿ ಹಾರ್ಮೋನಿಕ್ ನುಡಿಸಿ, ಟ್ಯೂನರಿನಲ್ಲಿ ಎರಡನ್ನೂ ಹೋಲಿಸಿ. ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಎರಡೂ ಒಂದಾದಾಗ ಆ ತಂತಿ ಮುಗಿಯಿತು.

ದುಬಾರಿ ಮರ, ಹೆಸರಾಂತ ಪಿಕಪ್ ಎಲ್ಲ ಆಮೇಲೆ ಬರಲಿ. ಮೊದಲು ಒಳ್ಳೆಯ ಉಕ್ಕಿನ ಅಳತೆಪಟ್ಟಿ, ಮೂಲೆಮಟ್ಟ ಮತ್ತು ಚೂಪಾದ ಪೆನ್ಸಿಲ್‌ಗೆ ಹಣ ಹಾಕಿ. ಕತ್ತರಿಸುವ ಮುನ್ನ ಎರಡು ಸಲ ಅಳೆಯಿರಿ. ಪಿಕಪ್, ಪಾಟ್, ಬ್ರಿಡ್ಜ್, ನೆಕ್ ಎಲ್ಲವನ್ನೂ ಬದಲಿಸಬಹುದು. ತಪ್ಪು ಜಾಗದಲ್ಲಿ ಕೊರೆದ ಗುಳಿಯನ್ನು ಬದಲಿಸಲಾಗದು.