60 ಸೀಟಿನ ಕ್ಲಾಸು ಮತ್ತು ಕೋಟಿನೊಳಗಿನ ಮೈಕು

ಮೇಲಿನ ಕ್ಲಾಸಿನಲ್ಲಿ 60 ಜನರಿಗೆ ಮಾತ್ರ ಜಾಗ. ಹಾಗಾಗಿ ಒಬ್ಬ ಹುಡುಗ ಹಿಂದೆ ಉಳಿಯಲೇಬೇಕು. ಇದು ಸಿಇಟಿ ಕೌನ್ಸೆಲಿಂಗ್ ಕಥೆ ಅಲ್ಲ. ಜರ್ಮನಿಯ ಫ್ರಾಂಕ್ ವೆಡೆಕಿಂಡ್ 1891ರಲ್ಲಿ ಪ್ರಕಟಿಸಿದ ನಾಟಕ ಇದು. ಹೆಸರು ‘ವಸಂತದ ಎಚ್ಚರ’ ಅಂತ ಇಟ್ಟುಕೊಳ್ಳೋಣ, ಇಂಗ್ಲಿಷಿನಲ್ಲಿ ‘ಸ್ಪ್ರಿಂಗ್ ಅವೇಕನಿಂಗ್’. ಅದರ ಕೆಳಗೆ ಅವನೇ ‘ಮಕ್ಕಳ ದುರಂತ’ ಅಂತ ಬರೆದಿದ್ದಾನೆ.

ಕಥೆ ಚಿಕ್ಕದು. ಮೋರಿಟ್ಸ್‌ಗೆ ಓದು ತಲೆಗೆ ಹತ್ತುವುದಿಲ್ಲ, ಅಪ್ಪನ ಭಯ ಬೇರೆ. ಗೆಳೆಯ ಮೆಲ್ಖಿಯೋರ್ ಕ್ಲಾಸಿನ ಜಾಣ. ಗಂಡು ಹೆಣ್ಣಿನ ವಿಷಯ ಯಾರೂ ಹೇಳಿಕೊಡದಿದ್ದಾಗ, ತಾನು ಪುಸ್ತಕದಲ್ಲಿ ಓದಿದ್ದನ್ನೆಲ್ಲ ಮೋರಿಟ್ಸ್‌ಗೆ ಬರೆದು ಕೊಡುತ್ತಾನೆ. ವೆಂಡ್ಲಾ ಅನ್ನೋ ಹುಡುಗಿ ಮಗು ಹೇಗೆ ಹುಟ್ಟುತ್ತೆ ಅಂತ ಅಮ್ಮನನ್ನು ಕೇಳುತ್ತಾಳೆ. ಗಂಡನನ್ನು ತುಂಬಾ ಪ್ರೀತಿಸಬೇಕು, ಅಷ್ಟೇ ಅನ್ನುತ್ತಾಳೆ ಅಮ್ಮ. ಆಮೇಲೆ ವೆಂಡ್ಲಾ ಬಸುರಿಯಾಗುತ್ತಾಳೆ, ಗರ್ಭ ತೆಗೆಸಲು ಕೊಟ್ಟ ಔಷಧಿಯಿಂದ ಸಾಯುತ್ತಾಳೆ. ಗೋರಿಕಲ್ಲಿನ ಮೇಲೆ ಮಾತ್ರ ರಕ್ತಹೀನತೆಯಿಂದ ಸತ್ತಳು ಅಂತ ಕೆತ್ತಿರುತ್ತದೆ! ಫೇಲಾದ ಮೋರಿಟ್ಸ್ ತನ್ನ ಜೀವ ತೆಗೆದುಕೊಳ್ಳುತ್ತಾನೆ. ಅವನ ಹತ್ತಿರ ಸಿಕ್ಕ ಆ ಬರಹಕ್ಕಾಗಿ ಮೆಲ್ಖಿಯೋರ್‌ನನ್ನು ಶಾಲೆಯಿಂದ ಹಾಕುತ್ತಾರೆ.

ಪ್ರಕಟವಾಗಿ 15 ವರ್ಷ ಇದು ರಂಗಕ್ಕೆ ಬರಲೇ ಇಲ್ಲ. 1906ರಲ್ಲಿ ಬರ್ಲಿನ್‌ನಲ್ಲಿ ಮ್ಯಾಕ್ಸ್ ರೈನ್‌ಹಾರ್ಟ್ ಮೊದಲು ಆಡಿಸಿದಾಗಲೂ ಸೆನ್ಸಾರ್ ಕತ್ತರಿ ಬಿದ್ದಿತ್ತು. ಸರಿಯಾಗಿ ನೂರು ವರ್ಷದ ನಂತರ, 2006ರಲ್ಲಿ, ಸ್ಟೀವನ್ ಸೇಟರ್ ಬರೆದು ಡಂಕನ್ ಶೀಕ್ ಸಂಗೀತ ಕೊಟ್ಟ ರಾಕ್ ಮ್ಯೂಸಿಕಲ್ ಆಗಿ ಅದು ಬ್ರಾಡ್‌ವೇಗೆ ಬಂತು. ಮರುವರ್ಷ 8 ಟೋನಿ ಪ್ರಶಸ್ತಿ.

ಹಳೇ ನಾಟಕವನ್ನು ‘ಮಾಡರ್ನ್’ ಮಾಡೋದು ಅಂದ್ರೆ ಜೀನ್ಸ್ ಹಾಕಿಸಿ ಕೈಗೆ ಮೊಬೈಲ್ ಕೊಡೋದು ಅಂತ ಎಷ್ಟೋ ಜನ ತಿಳಿದಿದ್ದಾರೆ. ಇವರು ಅದನ್ನು ಮಾಡಲಿಲ್ಲ. ಹುಡುಗರು 1891ರ ಯೂನಿಫಾರ್ಮಿನಲ್ಲೇ ಕೂತು ಲ್ಯಾಟಿನ್ ಉರು ಹೊಡೆಯುತ್ತಾರೆ. ಹಾಡು ಬಂದಾಗ ಮಾತ್ರ ಕೋಟಿನೊಳಗಿಂದ ಮೈಕ್ ತೆಗೆಯುತ್ತಾರೆ. ಮೇಷ್ಟ್ರಿಗೆ ಆ ಹಾಡು ಕೇಳಿಸೋದಿಲ್ಲ, ಅದು ತಲೆಯೊಳಗೆ ನಡೀತಿರೋದು. ಮಾತು ಆ ಕಾಲದ್ದು, ಹಾಡು ಈ ಕಾಲದ್ದು. ಲಾಸ್ಟ್ ಬೆಂಚಿನಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂರುವ ನಮಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಇನ್ನೊಂದು ಜಾಣತನ ಏನಂದ್ರೆ, ಎಲ್ಲ ದೊಡ್ಡವರ ಪಾತ್ರಗಳನ್ನೂ ಒಬ್ಬ ನಟ, ಒಬ್ಬಳು ನಟಿ ಸೇರಿಯೇ ಮಾಡುತ್ತಾರೆ. ಅಪ್ಪ, ಹೆಡ್‌ಮಾಸ್ಟರ್, ಡಾಕ್ಟರ್, ಯಾರ ಹತ್ತಿರ ಹೋದರೂ ಮುಖ ಅದೇ.

ಆದರೆ ಮ್ಯೂಸಿಕಲ್ ಕೆಲವು ಕಡೆ ಮೆತ್ತಗಾಗಿದೆ ಅನ್ನೋದು ನಮ್ಮ ತಕರಾರು. ಮೂಲದಲ್ಲಿ ಹುಲ್ಲಟ್ಟದ ಮೇಲೆ ವೆಂಡ್ಲಾ ಬೇಡ ಬೇಡ ಅನ್ನುತ್ತಲೇ ಇರುತ್ತಾಳೆ, ಮೆಲ್ಖಿಯೋರ್ ಕೇಳುವುದಿಲ್ಲ. ಅದು ಬಲಾತ್ಕಾರ. ಮ್ಯೂಸಿಕಲ್‌ನಲ್ಲಿ ಅದೇ ದೃಶ್ಯ ಪ್ರೇಮದ ಕಡೆ ವಾಲುತ್ತದೆ. ನಾಯಕನ ಮೇಲೆ ನಮಗೆ ಸಿಟ್ಟು ಬರದ ಹಾಗೆ ನೋಡಿಕೊಂಡಿದ್ದಾರೆ. ಮೋರಿಟ್ಸ್‌ನ ಮಣ್ಣಿನ ದಿನವೂ ಹಾಗೇ. ಮೂಲದಲ್ಲಿ ಅಪ್ಪ ಗುಂಡಿಯ ಹತ್ತಿರ ನಿಂತು ಇವನು ನನ್ನ ಮಗನೇ ಅಲ್ಲ ಅನ್ನುತ್ತಾನೆ, ಮ್ಯೂಸಿಕಲ್‌ನಲ್ಲಿ ಅದೇ ಅಪ್ಪ ಕುಸಿದು ಅಳುತ್ತಾನೆ. ನಮ್ಮಲ್ಲಿ ಅರ್ಧ ಜನಕ್ಕೆ ಅಳುವ ಅಪ್ಪ ಇಷ್ಟ. ಉಳಿದವರ ಪ್ರಶ್ನೆ: ಮೋರಿಟ್ಸ್ ಬದುಕಿದ್ದಾಗ ಈ ಅಳು ಎಲ್ಲಿತ್ತು?

2015ರಲ್ಲಿ ಡೆಫ್ ವೆಸ್ಟ್ ಎಂಬ ತಂಡ ಇದೇ ಮ್ಯೂಸಿಕಲ್ಲನ್ನು ಬ್ರಾಡ್‌ವೇಗೆ ಮತ್ತೆ ತಂತು. ಕಿವಿ ಕೇಳಿಸದ ನಟರು ಮತ್ತು ಕೇಳಿಸುವ ನಟರು ಜೊತೆಯಾಗಿ. ವೆಂಡ್ಲಾ, ಮೋರಿಟ್ಸ್ ಇಬ್ಬರೂ ಸನ್ನೆಭಾಷೆಯಲ್ಲಿ ಮಾತಾಡುತ್ತಾರೆ, ಪಕ್ಕದಲ್ಲಿ ಇನ್ನೊಬ್ಬರು ಅವರ ದನಿಯಾಗಿ ಹಾಡುತ್ತಾರೆ. ಇದು ಗಿಮಿಕ್ ಅಲ್ಲ. 1880ರಲ್ಲಿ ಮಿಲಾನ್‌ನಲ್ಲಿ ಸೇರಿದ ಶಿಕ್ಷಕರ ಸಮ್ಮೇಳನವೊಂದು, ಕಿವುಡ ಮಕ್ಕಳಿಗೆ ಬಾಯಿಮಾತಿನಲ್ಲೇ ಕಲಿಸಬೇಕು, ಸನ್ನೆ ಬೇಡ ಅಂತ ನಿರ್ಣಯ ಮಾಡಿತ್ತು. ನಾಟಕ ಅಚ್ಚಾಗಿದ್ದು ಅದಾದ 11 ವರ್ಷಕ್ಕೆ. ಹಾಗಾಗಿ ಇಲ್ಲಿ ಅಪ್ಪ ಅಮ್ಮ ಮಕ್ಕಳಿಗೆ ವಿಷಯ ಹೇಳದಿರುವುದರ ಜೊತೆಗೆ, ಮಕ್ಕಳ ಭಾಷೆಯೇ ಅವರಿಗೆ ಬೇಡವಾಗಿದೆ. ಮೂರು ರೂಪಗಳಲ್ಲಿ ನಮಗೆ ತುಂಬಾ ತಟ್ಟಿದ್ದು ಇದು. ಇಂಗ್ಲಿಷ್ ಬಾರದೆ ವೈವಾದಲ್ಲಿ ಸುಮ್ಮನೆ ನಿಲ್ಲುವ ಗೆಳೆಯರು ನಮಗೂ ಇದ್ದಾರೆ, ಉತ್ತರ ಗೊತ್ತಿದ್ದೂ.

ಕ್ಲಬ್ಬಿನಲ್ಲಿ ಈಗ ನಾವು ಮೂಲದ ಒಂದೇ ಒಂದು ದೃಶ್ಯವನ್ನು, ಇಂಗ್ಲಿಷ್ ಅನುವಾದ ಇಟ್ಟುಕೊಂಡು, ಕನ್ನಡಕ್ಕೆ ತರುತ್ತಿದ್ದೇವೆ. ಮೋರಿಟ್ಸ್ ಸತ್ತ ಮೇಲೆ ಮೇಷ್ಟ್ರುಗಳು ಮೀಟಿಂಗ್ ಸೇರುತ್ತಾರೆ, ಮೆಲ್ಖಿಯೋರ್‌ನನ್ನು ಏನು ಮಾಡೋದು ಅಂತ. ಅವರ ಹೆಸರುಗಳೇ ಒಂದು ತಮಾಷೆ: ಒಬ್ಬನ ಹೆಸರಿನ ಅರ್ಥ ಮೂಳೆಮುರುಕ, ಇನ್ನೊಬ್ಬ ನೊಣಸಾವು, ಹೆಡ್‌ಮಾಸ್ಟರ್ ಬಿಸಿಲಾಘಾತ. ಈ ಕೊನೆಯದಕ್ಕೆ ಒಳ್ಳೇ ಪದ ಇನ್ನೂ ಸಿಕ್ಕಿಲ್ಲ, ಹೊಳೆದವರು ಹೇಳಿ. ಒಬ್ಬ ಹುಡುಗ ಸತ್ತಿದ್ದಾನೆ, ಇನ್ನೊಬ್ಬನ ಭವಿಷ್ಯ ಮೇಜಿನ ಮೇಲಿದೆ. ಅವರೆಲ್ಲ ತಲೆ ಕೆಡಿಸಿಕೊಂಡಿರೋದು ಕೋಣೆಯ ಕಿಟಕಿ ತೆಗೆಯಬೇಕೋ ಮುಚ್ಚಬೇಕೋ ಅಂತ.