ನಾಯಿಮರಿಯ ಔಷಧವೂ ಸರ್ಕಾರದ ತೆರಿಗೆಯೂ

ಗುಬ್ಬಿಯ ಒಂದು ಮನೆಯಲ್ಲಿ ಎರಡು ತಿಂಗಳ ನಾಯಿಮರಿಯೊಂದು ಇದ್ದಕ್ಕಿದ್ದಂತೆ ಅನ್ನ ಬಿಟ್ಟಿತೆಂದು ಭಾವಿಸೋಣ. ಬೆಳಗ್ಗೆ ವಾಂತಿ, ಸಂಜೆಯ ಹೊತ್ತಿಗೆ ರಕ್ತ ಬೆರೆತ ಭೇದಿ. ಮನೆಯವರು ಅದನ್ನು ಹಳೆಯ ಟವಲಿನಲ್ಲಿ ಸುತ್ತಿಕೊಂಡು ಪಶುವೈದ್ಯರಲ್ಲಿಗೆ ಓಡುತ್ತಾರೆ. ನಾಲ್ಕೈದು ದಿನ ಡ್ರಿಪ್ ಹಾಕಬೇಕಾದೀತೆಂದು ವೈದ್ಯರು ಹೇಳುತ್ತಾರೆ. ಮರಿ ಬದುಕೀತೆ ಎಂಬುದು ಯಜಮಾನನ ಮೊದಲ ಪ್ರಶ್ನೆ. ಖರ್ಚು ಎಷ್ಟಾದೀತು ಎಂಬುದು ಎರಡನೆಯದು. ಔಷಧದಂಗಡಿಯ ಬಿಲ್ಲಿನಲ್ಲಿ ತೆರಿಗೆಯ ಸಾಲು ಕಣ್ಣಿಗೆ ಬಿದ್ದಾಗ, 'ಮೂಕಪ್ರಾಣಿಯ ಔಷಧಕ್ಕೂ ತೆರಿಗೆಯೆ?' ಎಂದು ಆತ ಬೇಸರಪಡುವುದು ಸಹಜ. ಈ ಬೇಸರ ಎಷ್ಟರಮಟ್ಟಿಗೆ ನ್ಯಾಯವಾದುದು? ಲೆಕ್ಕ ಹಾಕಿಯೇ ನೋಡೋಣ.

ಯಾವುದಕ್ಕೆ ತೆರಿಗೆ, ಯಾವುದಕ್ಕಿಲ್ಲ?

ನಮ್ಮ ನಾಡಿಗೆ ಮಾರಾಟ ತೆರಿಗೆ ಹೊಸದಲ್ಲ. ಮೈಸೂರಿನ ಮಾರಾಟ ತೆರಿಗೆ ಕಾಯಿದೆ 1948ರದು. ರಾಜ್ಯಗಳ ಪುನರ್ವಿಂಗಡಣೆಯಾದ ಮೇಲೆ 1957ರಲ್ಲಿ ಹೊಸ ಕಾಯಿದೆ ಬಂದಿತು. 2005ರ ಏಪ್ರಿಲ್ 1ರಿಂದ ಮೌಲ್ಯವರ್ಧಿತ ತೆರಿಗೆಯೂ, 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆಯೂ ಅದರ ಸ್ಥಾನಕ್ಕೆ ಬಂದವು.

ಈ ಕೊನೆಯ ಏರ್ಪಾಡಿನಲ್ಲಿ ಪಶುವೈದ್ಯರ ಚಿಕಿತ್ಸೆಗೆ ತೆರಿಗೆಯ ವಿನಾಯಿತಿ ಇದೆ. ಪ್ರಾಣಿ ಹಸುವಾಗಲಿ ನಾಯಿಯಾಗಲಿ, ವೈದ್ಯರ ಶುಲ್ಕದ ಮೇಲೆ ತೆರಿಗೆಯಿಲ್ಲ. ಬ್ರಿಟನ್ನಿನಲ್ಲಿ ಇದೇ ಶುಲ್ಕದ ಮೇಲೆ ಶೇಕಡ 20ರಷ್ಟು ತೆರಿಗೆ ಇರುವುದನ್ನು ನೆನೆದರೆ ಇದು ಸಣ್ಣ ರಿಯಾಯಿತಿಯಲ್ಲ. ಆದರೆ ಅಂಗಡಿಯಲ್ಲಿ ಕೊಳ್ಳುವ ಔಷಧಕ್ಕೆ ತೆರಿಗೆ ಉಂಟು. ಹೆಚ್ಚಿನ ಔಷಧಗಳ ಮೇಲೆ ಶೇಕಡ 12 ಇದ್ದುದನ್ನು 2025ರ ಸೆಪ್ಟೆಂಬರ್ 22ರಿಂದ ಶೇಕಡ 5ಕ್ಕೆ ಇಳಿಸಲಾಯಿತು.

ಇನ್ನು ಆಹಾರದ ವಿಷಯ. ಹಸುವಿನ ಹಿಂಡಿ ಬೂಸಾಗಳಿಗೆ ತೆರಿಗೆಯಿಲ್ಲ. ಪೊಟ್ಟಣ ಕಟ್ಟಿ ಮಾರುವ ನಾಯಿಯ ತಿಂಡಿಗೆ ಶೇಕಡ 18. ಕಾನೂನಿನ ದೃಷ್ಟಿಯಲ್ಲಿ ಹಸು ಜೀವನೋಪಾಯ. ನಾಯಿ ಮನಸ್ಸಿನ ಸಂತೋಷ. ರಾಗಿಯ ಸೀಮೆಯಾದ ತುಮಕೂರು ಜಿಲ್ಲೆಯಲ್ಲಿ ಮುದ್ದೆ ಮಜ್ಜಿಗೆಯನ್ನು ತಿಂದೇ ಬೆಳೆಯುವ ನಾಯಿಗಳಿಗೆ ಈ ತೆರಿಗೆ ತಟ್ಟುವುದಿಲ್ಲವೆಂಬುದು ಬೇರೆ ಮಾತು.

ಶೇಕಡ ಏಳು ಇಳಿದರೆ ಬೆಲೆ ಎಷ್ಟು ಇಳಿಯುತ್ತದೆ?

ತೆರಿಗೆ 12ರಿಂದ 5ಕ್ಕೆ ಇಳಿದರೆ ಬೆಲೆಯೂ ಶೇಕಡ 7 ಇಳಿಯುವುದೆಂದು ಅನೇಕರು ತಿಳಿಯುತ್ತಾರೆ. ಇದು ತಪ್ಪು. ಮೂಲ ಬೆಲೆ 100 ರೂಪಾಯಿಯಾದ ಔಷಧಕ್ಕೆ ಹಿಂದೆ ಕೊಡುತ್ತಿದ್ದುದು 112. ಈಗ ಕೊಡಬೇಕಾದುದು 105. ಉಳಿತಾಯವಾದ 7 ರೂಪಾಯಿಯನ್ನು 112ಕ್ಕೆ ಹೋಲಿಸಬೇಕೇ ಹೊರತು 100ಕ್ಕಲ್ಲ. ಹಾಗೆ ಮಾಡಿದರೆ ಇಳಿಕೆ ಶೇಕಡ 6.25 ಮಾತ್ರ. ನಮ್ಮ ನಾಯಿಮರಿಯ ಔಷಧಕ್ಕೆ ಮೂಲ ಬೆಲೆ 500 ರೂಪಾಯಿ ಎಂದಿಟ್ಟುಕೊಂಡರೆ, 560ರ ಬದಲು 525 ಕೊಟ್ಟಂತಾಯಿತು. ಉಳಿದದ್ದು 35 ರೂಪಾಯಿ.

ಇದಲ್ಲದೆ ಬಿಲ್ಲಿನಲ್ಲಿ ಕಾಣದ ತೆರಿಗೆಯೂ ಒಂದಿದೆ. ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಇಡಬೇಕು. ಆದುದರಿಂದ ಪ್ರತಿ ಚಿಕಿತ್ಸಾಲಯಕ್ಕೂ ಶೀತಕ ಪೆಟ್ಟಿಗೆ ಬೇಕು. 20,000 ರೂಪಾಯಿಯ ಪೆಟ್ಟಿಗೆಗೆ ಶೇಕಡ 18ರಂತೆ 3,600 ರೂಪಾಯಿ ತೆರಿಗೆ. ತಂಪುಪಾನೀಯ ಮಾರುವ ನೋಂದಾಯಿತ ವರ್ತಕನು ಇದೇ ಪೆಟ್ಟಿಗೆಯನ್ನು ಕೊಂಡರೆ, ತಾನು ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆಯಲ್ಲಿ ಈ ಮೊತ್ತವನ್ನು ಮುರಿದುಕೊಳ್ಳಬಹುದು. ಪಶುವೈದ್ಯರ ಸೇವೆಗೆ ತೆರಿಗೆಯೇ ಇಲ್ಲದ ಕಾರಣ ಅವರಿಗೆ ಮುರಿದುಕೊಳ್ಳಲು ದಾರಿಯಿಲ್ಲ. ಆ ಹಣ ಶುಲ್ಕದಲ್ಲಿ ಅಡಗಿ ರೋಗಿಯ ಒಡೆಯನನ್ನು ಸೇರುತ್ತದೆ. ವಿನಾಯಿತಿ ಎಂದರೆ ತೆರಿಗೆಯ ಸಂಪೂರ್ಣ ಅಭಾವವಲ್ಲವೆಂಬುದು ಇದರಿಂದ ತಿಳಿಯುತ್ತದೆ. ಆದರೂ ಆ ಪೆಟ್ಟಿಗೆಯ ಆಯುಸ್ಸಿನಲ್ಲಿ 4,000 ಪ್ರಾಣಿಗಳು ಬಂದು ಹೋದರೆ ಒಂದೊಂದರ ಪಾಲಿಗೆ ಬೀಳುವುದು 90 ಪೈಸೆ.

ಖರ್ಚು ಎಲ್ಲಿದೆ?

ಹಾಗಾದರೆ ಬಡವನಿಗೆ ಭಾರವಾಗುವುದು ಯಾವುದು? ಮೊದಲನೆಯದು ದೂರ. ಗುಬ್ಬಿಯಲ್ಲೂ ಕುಣಿಗಲ್ಲಿನಲ್ಲೂ ಸರ್ಕಾರದ ಪಶು ಆಸ್ಪತ್ರೆಗಳುಂಟು. ಅಲ್ಲಿ ಆಗದ ಪರೀಕ್ಷೆಗೆ ಜಿಲ್ಲಾ ಕೇಂದ್ರವಾದ ತುಮಕೂರಿಗೆ ಬರಬೇಕು. ಗುಬ್ಬಿಯಿಂದ ಸುಮಾರು 20 ಕಿಲೋಮೀಟರು, ಕುಣಿಗಲ್ಲಿನಿಂದ ಸುಮಾರು 35. ಅಲ್ಲಿಯೂ ಸಾಲದಿದ್ದರೆ ಮತ್ತೆ 70 ಕಿಲೋಮೀಟರು ಹೋಗಿ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜನ್ನು ಸೇರಬೇಕು. ತೆರಿಗೆಯಲ್ಲಿ ಉಳಿದ 35 ರೂಪಾಯಿಯನ್ನು ಬಾಡಿಗೆಯ ಆಟೋ ಮೊದಲ ಕೆಲವು ಕಿಲೋಮೀಟರುಗಳಲ್ಲೇ ನುಂಗಿಬಿಡುತ್ತದೆ. ಕೂಲಿಯವನಿಗಾದರೆ ಒಂದೊಂದು ದಿನದ ಓಡಾಟಕ್ಕೂ ಒಂದೊಂದು ದಿನದ ಕೂಲಿ ಖೋತಾ.

ಎರಡನೆಯದು ತಡ. ನಮ್ಮ ಮರಿಗೆ ಬಂದಿರುವುದು ಪಾರ್ವೋ ಎಂಬ ವೈರಸ್ಸಿನ ರೋಗವೆಂದು ತಿಳಿಯೋಣ. 1978ರಲ್ಲಿ ಗುರುತಿಸಲಾದ ಈ ವೈರಸ್ಸು ಶರೀರದಲ್ಲಿ ಬೇಗಬೇಗ ವಿಭಜಿಸುವ ಜೀವಕೋಶಗಳನ್ನೇ ಆರಿಸಿ ಹಿಡಿಯುತ್ತದೆ. ಕರುಳಿನ ಒಳಪದರವೂ ಮೂಳೆಯ ಮಜ್ಜೆಯೂ ಅಂಥವು. ಕರುಳಿನ ಪದರ ಹಾಳಾದರೆ ನೀರೂ ಲವಣಗಳೂ ಸೋರಿಹೋಗುತ್ತವೆ; ಮಜ್ಜೆ ಹಾಳಾದರೆ ರೋಗವನ್ನೆದುರಿಸುವ ಬಿಳಿಯ ರಕ್ತಕಣಗಳು ಕಡಮೆಯಾಗುತ್ತವೆ. ಶರೀರವು ತಾನೇ ಪ್ರತಿಕಾಯಗಳನ್ನು ಸಿದ್ಧಪಡಿಸುವವರೆಗೆ ದ್ರವ ಕೊಟ್ಟು ಜೀವ ಹಿಡಿದಿರುವುದೇ ಚಿಕಿತ್ಸೆಯ ತಿರುಳು. ಆದುದರಿಂದಲೇ ಅಷ್ಟು ದಿನ, ಅಷ್ಟು ಖರ್ಚು. ಚಿಕಿತ್ಸೆ ದೊರೆಯದ ಮರಿಗಳಲ್ಲಿ ಬಹುಪಾಲು ಸಾಯುತ್ತವೆ.

ಇದನ್ನು ತಡೆಯುವ ಲಸಿಕೆಗೆ ತಗಲುವುದು ಈ ಖರ್ಚಿನ ಒಂದು ಸಣ್ಣ ಅಂಶ. ಆರರಿಂದ ಎಂಟು ವಾರಗಳ ವಯಸ್ಸಿನಲ್ಲಿ ಆರಂಭಿಸಿ ಹದಿನಾರನೆಯ ವಾರದವರೆಗೆ ಕೆಲವು ವಾರಗಳಿಗೊಮ್ಮೆ ಅದನ್ನು ಕೊಡಿಸಬೇಕು. ಒಂದೇ ಸಲ ಏಕೆ ಸಾಲದು? ತಾಯಿಯಿಂದ ಬಂದ ಪ್ರತಿಕಾಯಗಳು ಮರಿಯ ರಕ್ತದಲ್ಲಿರುವವರೆಗೆ ಲಸಿಕೆಯನ್ನೂ ಶತ್ರುವೆಂದೇ ಬಗೆದು ನಿಷ್ಫಲಗೊಳಿಸುತ್ತವೆ. ಅವು ಯಾವ ವಾರದಲ್ಲಿ ಕರಗುವುವೆಂದು ಹೊರಗಿನಿಂದ ಹೇಳಲಾಗದು.

ಯಾರ ಹಣ, ಯಾರ ಲಾಭ?

ಲಸಿಕೆಯ ಹಣ ಯಾರು ಕೊಡಬೇಕೆಂಬ ಪ್ರಶ್ನೆಗೆ ಪಶುವೈದ್ಯದ ಚರಿತ್ರೆಯಲ್ಲಿ ಒಂದು ಉತ್ತರವಿದೆ. ಜಗತ್ತಿನ ಮೊದಲ ಪಶುವೈದ್ಯ ಶಾಲೆ 1761ರಲ್ಲಿ ಫ್ರಾನ್ಸಿನ ಲಿಯೋಂ ನಗರದಲ್ಲಿ ಸ್ಥಾಪಿತವಾಯಿತು. ದನಗಳನ್ನು ಹಿಂಡುಹಿಂಡಾಗಿ ಕೊಲ್ಲುತ್ತಿದ್ದ ದೊಡ್ಡರೋಗವನ್ನು ತಡೆಯುವುದು ಅದರ ಮುಖ್ಯ ಉದ್ದೇಶಗಳಲ್ಲೊಂದು. ಅದೇ ರೋಗದ ವಿರುದ್ಧ ಮೈಸೂರು ಸರ್ಕಾರ 1925ರಲ್ಲಿ ಬೆಂಗಳೂರಿನಲ್ಲಿ ಸೀರಂ ಸಂಸ್ಥೆಯನ್ನು ತೆರೆಯಿತು. ಹಳ್ಳಿಕಾರ್ ಎತ್ತುಗಳ ಸೀಮೆಯಾದ ತುಮಕೂರಿನ ರೈತರಿಗೆ ಇದೆಷ್ಟು ಅಗತ್ಯವಾಗಿತ್ತೆಂದು ಬೇರೆ ಹೇಳಬೇಕಾಗಿಲ್ಲ. ಸಾರ್ವಜನಿಕ ಹಣದಿಂದ ನಡೆದ ಲಸಿಕಾ ಕಾರ್ಯದ ಫಲವಾಗಿ 2006ರಲ್ಲಿ ಭಾರತವೂ 2011ರಲ್ಲಿ ಇಡೀ ಪ್ರಪಂಚವೂ ದೊಡ್ಡರೋಗದಿಂದ ಮುಕ್ತವಾದುವು.

ನಾಯಿಯ ವಿಷಯದಲ್ಲಿ ಇದೇ ನ್ಯಾಯ ರೇಬೀಸಿಗೆ ಅನ್ವಯಿಸುತ್ತದೆ. ನಾಯಿಗೆ ರೇಬೀಸ್ ಲಸಿಕೆ ಹಾಕಿಸಿದವನು ತನ್ನ ನಾಯಿಯನ್ನಷ್ಟೇ ಅಲ್ಲ, ಬೀದಿಯ ಮಕ್ಕಳೆಲ್ಲರನ್ನೂ ಕಾಪಾಡುತ್ತಾನೆ. ಹಣ ಮಾತ್ರ ಅವನೊಬ್ಬನದು. ಊರಿನ ನಾಯಿಗಳಲ್ಲಿ ಶೇಕಡ 70ಕ್ಕೆ ಲಸಿಕೆಯಾದರೆ ರೋಗದ ಸರಪಳಿ ತುಂಡಾಗುವುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಲಾಭ ಹತ್ತು ಮಂದಿಗೆ ಹಂಚಿಹೋಗುವಾಗ ಒಬ್ಬನೇ ಬೆಲೆ ತೆರಬೇಕೆಂದರೆ ಅನೇಕರು ಹಿಂಜರಿಯುತ್ತಾರೆ. ಆ ಕೊರತೆಯನ್ನು ಸಮಾಜವೇ ತುಂಬಬೇಕು. ಪಾಸ್ಚರನು ತೀರಿಕೊಂಡ ದಿನವಾದ ಸೆಪ್ಟೆಂಬರ್ 28ರಂದು, ವಿಶ್ವ ರೇಬೀಸ್ ದಿನದ ಅಂಗವಾಗಿ ನಡೆಯುವ ಉಚಿತ ಲಸಿಕೆಯ ಶಿಬಿರಗಳ ಅರ್ಥವೂ ಇದೇ.

ತೆರಿಗೆ ಇಳಿದದ್ದು ಒಳ್ಳೆಯದೇ. 35 ರೂಪಾಯಿ ಬಡವನಿಗೆ ಕಡಮೆಯಲ್ಲ. ಆದರೆ ಗುಬ್ಬಿಯ ಆ ಮನೆಗೆ ಹೆಚ್ಚು ಉಳಿತಾಯವಾಗುತ್ತಿದ್ದುದು, ಮರಿಗೆ ಒಂದೂವರೆ ತಿಂಗಳಾದಾಗಲೇ ಯಾರಾದರೂ ಲಸಿಕೆಯ ಮಾತನ್ನು ಎತ್ತಿದ್ದರೆ. ವಿದ್ಯಾರ್ಥಿಗಳು ಈ ಕೆಲಸವನ್ನು ಮಾಡಬಲ್ಲರು. ನಿಮ್ಮ ಬೀದಿಯಲ್ಲಿ ನಾಯಿಮರಿಯನ್ನು ಯಾರಾದರೂ ಮನೆಗೆ ತಂದರೆ, ಅದಕ್ಕೆ ಇಡುವ ಹೆಸರಿನ ಜೊತೆಗೆ ಅದರ ಲಸಿಕೆಯ ದಿನವನ್ನೂ ಕೇಳಿರಿ.